ಗೌಡರ ಬ್ರಾಂದಿ

ಮಲಯಾಳದ ಸೀಮೆಯ ಮೀನಂಗಡಿ ಎಂಬ ಊರಿನಲ್ಲಿ ಬಸ್ಸಿಳಿದು ವಿಮಲನಾಥ ಗೌಡರ ಮನೆ ಯಾವುದು ಎಂದು ಕೇಳಿದರೆ ಆಟೋದವರು ಸ್ವಲ್ಪ ಯೋಚಿಸುತ್ತಾರೆ. ‘ಬ್ರಾಂದಿ ಗೌಡರ ಮನೆ’ ಎಂದರೆ ಸಾಕು, ಹತ್ತಿ ಕೂರುವ ಮೊದಲೇ ಗಾಡಿ ಸ್ಟಾರ್ಟ್ ಆಗಿರುತ್ತದೆ. ಹುಟ್ಟಿದಾಗಿನಿಂದ ಈರುಳ್ಳಿಯನ್ನೂ ಬಾಯಿಗಿಡದ, ಹೊತ್ತು ಮುಳುಗಿದ ಮೇಲೆ ತುತ್ತು ಅನ್ನ ಮುಟ್ಟದ ಆ ಜೈನ ಮನುಷ್ಯನಿಗೆ ಈ ಹೆಸರು ಅಂಟಿದ್ದು ಒಂದು ಕಾರಿನಿಂದ. ಕಾರು ಇಟಲಿಯ ಕಂಪನಿಯದು, ಹೆಸರು ಬ್ರೆಂಟಾ. ಅದು ಮನೆಯಂಗಳಕ್ಕೆ ಬಂದು ನಿಂತ ದಿನವೇ ಪಕ್ಕದ ಮನೆಯ ಭಾಸ್ಕರನ್ ಬೇಲಿಯಾಚೆಯಿಂದ, “ಎಂದಾ, ಏನು ಗೌಡರೇ, ಬ್ರಾಂದಿ ತಂದ್ರಾ?” ಎಂದು ಕೂಗಿದ್ದ. ಊರಿಗೆ ಅಷ್ಟು ಸಾಕಾಗಿತ್ತು.

ಅದು ಕರಿಮೆಣಸಿಗೆ ಬೆಲೆ ಏರಿದ ವರ್ಷದ ಮಾತು. ಸುಪ್ರಿಯಾ ಇನ್ನೂ ಸೊಸೆಯಾಗಿ ಬಂದಿರಲಿಲ್ಲ. ಗೌಡರು ಕೋಳಿಕ್ಕೋಡಿನ ಶೋರೂಮಿಗೆ ಹೋಗಿ, ಎಲ್ಲರೂ ಕೊಳ್ಳುವ ಕಾರನ್ನು ಬಿಟ್ಟು, ಕಡುನೀಲಿಯ ಬ್ರೆಂಟಾ ಆರಿಸಿ ತಂದಿದ್ದರು. ಅದರ ಬಾಗಿಲು ಮುಚ್ಚಿದರೆ ಬೀರುವಿನ ಬಾಗಿಲು ಮುಚ್ಚಿದ ಸದ್ದು. ಬಂದವರಿಗೆಲ್ಲ ಅದರ ಚರಿತ್ರೆ ಹೇಳುವುದು ಅವರಿಗೆ ಊಟದಷ್ಟೇ ಇಷ್ಟ. ಇಟಲಿಯ ಬೆಟ್ಟದಡಿಯ ಒಂದು ಊರು, ಅಲ್ಲಿ ಇಬ್ಬರು ಅಣ್ಣತಮ್ಮಂದಿರು. ಮೊದಲು ಸೈಕಲ್ ರಿಪೇರಿ, ಯುದ್ಧದಲ್ಲಿ ಗಾಯಾಳುಗಳನ್ನು ಹೊರುವ ಗಾಡಿ, ಯುದ್ಧ ಮುಗಿದ ಮೇಲೆ ಬಡವರೂ ಕೊಳ್ಳುವಂಥ ಪುಟ್ಟ ಕಾರು. “ಕಬ್ಬಿಣದಲ್ಲಿ ಮೋಸ ಮಾಡಿದವರಲ್ಲ ಅವರು,” ಎಂದು ಕತೆ ಮುಗಿಸುತ್ತಿದ್ದರು.

ಅವರ ಹೆಂಡತಿ ಸರೋಜಮ್ಮನಿಗೆ ಆ ಕತೆ ಕೇಳಿ ಕೇಳಿ ಸಾಕಾಗಿತ್ತು. “ಆ ಅಣ್ಣತಮ್ಮಂದಿರಿಗೆ ನಮ್ಮ ವಿಳಾಸ ಬರೀರಿ. ಒಂದು ಕ್ಲಚ್ ಪ್ಲೇಟ್ ಕಳಿಸಿಕೊಡ್ಲಿ.”

ಆಕೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಕಂಪನಿ ಈ ದೇಶದಲ್ಲಿ ನಡೆಯಲಾರದೆ ಗಂಟುಮೂಟೆ ಕಟ್ಟಿತ್ತು. ಕೋಳಿಕ್ಕೋಡಿನ ಶೋರೂಮಿನಲ್ಲಿ ಈಗ ಮದುವೆ ಸೀರೆ ಮಾರುತ್ತಾರೆ. ಮೈಸೂರಿನಲ್ಲಿ ಒಬ್ಬ ಕೆಲಸದವನಿದ್ದ, ಅವನೂ ಗಲ್ಫಿಗೆ ಹೋದ. ಕೊನೆಗೆ ಉಳಿದವನು ಮೀನಂಗಡಿ ರಸ್ತೆಯ ವರ್ಕ್‌ಶಾಪಿನ ಶಿಜು. ಎಲ್ಲಿಂದಲೋ ಎರಡು ಸತ್ತ ಬ್ರೆಂಟಾಗಳನ್ನು ತಂದು ಹಿತ್ತಲಲ್ಲಿ ಹಾಕಿಕೊಂಡು, ಅವುಗಳ ಒಂದೊಂದೇ ಅಂಗ ಕಿತ್ತು ಗೌಡರ ಕಾರಿಗೆ ಜೋಡಿಸಿ ಓಡಿಸುತ್ತಿದ್ದ. ಹಾಗೆ ಕಿತ್ತು ಕಿತ್ತು ಈಗ ಅವೆರಡರಲ್ಲೂ ಕಿಟಕಿ ಗಾಜಲ್ಲದೆ ಬೇರೇನೂ ಉಳಿದಿರಲಿಲ್ಲ.

ಕಾರು ಬರೀ ಗೌಡರ ಶೋಕಿಯಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಳೆದ ವರ್ಷ ಅವರ ಎರಡೂ ಕಿಡ್ನಿ ಕೈಕೊಟ್ಟವು. ಮಂಗಳವಾರ, ಗುರುವಾರ, ಶನಿವಾರ ಬತ್ತೇರಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೆಳಗಿನ ಆರರ ಪಾಳಿ ಅವರದು. ಮಗ ಭರತೇಶ್ ಕಲ್ಪೆಟ್ಟೆಯ ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸಕ್ಕಿದ್ದ. ಅವನಿಗೆ ವಾರಕ್ಕೆ ಮೂರು ರಜೆ ಯಾರು ಕೊಡುತ್ತಾರೆ? ಹಾಗಾಗಿ ಕಾರು ಓಡಿಸುವ ಕೆಲಸ ಸೊಸೆ ಸುಪ್ರಿಯಾಳ ತಲೆಗೆ ಬಂತು. ಸಾಲಿಗ್ರಾಮದ ತವರಿನಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿ ಗೊತ್ತಿದ್ದವಳು. ನಸುಕಿನಲ್ಲೆದ್ದು, ಎರಡನೇ ಕ್ಲಾಸಿನ ಮಗಳು ಅನುಷಾಳಿಗೆ ಡಬ್ಬಿ ಕಟ್ಟಿ, ಮಾವನಿಗೆ ಉಪ್ಪಿಲ್ಲದ ಎರಡು ಇಡ್ಲಿ ತಿನ್ನಿಸಿ ಹೊರಟರೆ ಹಿಂತಿರುಗುವಾಗ ಮಧ್ಯಾಹ್ನ.

ಅಡುಗೆಮನೆಯಲ್ಲಿ ಎರಡು ಅಡುಗೆ. ಒಂದು ಎಲ್ಲರಿಗೆ, ಇನ್ನೊಂದು ತರಕಾರಿ ಬೇಯಿಸಿ ನೀರು ಬಸಿದು ಚೆಲ್ಲಿ, ಉಪ್ಪು ಹಾಕದೆ ಮಾಡಿದ್ದು. ಹಿತ್ತಲ ತುಂಬ ನೇಂದ್ರ ಬಾಳೆಗೊನೆ ತೂಗುತ್ತಿದ್ದರೂ ಗೌಡರು ಒಂದು ಹಣ್ಣು ಮುಟ್ಟುವಂತಿಲ್ಲ. ಕುಡಿಯುವ ನೀರೂ ಅಳತೆ.

“ಸರೋಜಾ, ಇನ್ನರ್ಧ ಲೋಟ.”

“ಬೆಳಿಗ್ಗೆನೇ ಪೂರ್ತಿ ಕುಡಿದು ಮುಗಿಸಿದ್ರಿ.”

“ಇದು ಮನೆಯೋ ಜೈಲೋ?”

“ಜೈಲಲ್ಲಿ ಉಪ್ಪು ಹಾಕ್ತಾರಂತೆ. ಹೋಗಿ ನೋಡಿ.”

ಹೀಗೆ ನಡೆಯುತ್ತಿತ್ತು. ಆದರೆ ಗೌಡರದು ಒಂದೇ ಹಟ. ಹೋಗುವುದಾದರೆ ಬ್ರೆಂಟಾದಲ್ಲಿ, ಓಡಿಸುವುದು ಸುಪ್ರಿಯಾ. ಜೀಪು, ಆಟೋ, ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವ ಪಂಚಾಯಿತಿಯ ಪಾಲಿಯೇಟಿವ್ ವಂಡಿ, ಯಾವುದೂ ಬೇಡ. ಭರತೇಶ್ ಇದನ್ನು ಅಪ್ಪನ ಜಂಬ ಎಂದುಕೊಂಡಿದ್ದ. ಊರೂ ಹಾಗೇ ಅಂದುಕೊಂಡಿತ್ತು.

ಸಂಗತಿ ಏನೆಂದು ಗೊತ್ತಿದ್ದುದು ಸುಪ್ರಿಯಾಳಿಗೆ ಮಾತ್ರ. ಡಯಾಲಿಸಿಸ್ ಮುಗಿದು ಬರುವಾಗ ಕೆಲವು ದಿನ ಗೌಡರಿಗೆ ತಲೆ ಸುತ್ತಿ ವಾಂತಿಯಾಗುತ್ತಿತ್ತು. ಒಂದೊಂದು ದಿನ ಅದಕ್ಕೂ ಮೀರಿ, ಪಂಚೆಯಲ್ಲೇ ಹೋಗಿಬಿಡುತ್ತಿತ್ತು. ಮೊದಲ ಸಲ ಹಾಗಾದಾಗ ಸುಪ್ರಿಯಾ ರಸ್ತೆ ಬದಿಯ ಕಾಫಿ ತೋಟದ ನೆರಳಿಗೆ ಕಾರು ತಂದು ನಿಲ್ಲಿಸಿದ್ದಳು. ಹಿಂದಿನ ಸೀಟಿಗೆ ಟವೆಲ್ ಹಾಸಿ, ನೀರಿನ ಕ್ಯಾನ್ ಮಾವನ ಕೈಗೆ ಕೊಟ್ಟು, ತಾನು ದೂರ ಹೋಗಿ ಬೆನ್ನು ತಿರುಗಿಸಿ ನಿಂತಿದ್ದಳು. ಎಪ್ಪತ್ತರ ಹತ್ತಿರದ ಮನುಷ್ಯ, ಬಸದಿಯಲ್ಲಿ ಅಭಿಷೇಕದ ದಿನ ಮುಂದೆ ನಿಲ್ಲುವವರು, ಅವತ್ತು ಮನೆ ತಲುಪುವವರೆಗೆ ತಲೆಯೆತ್ತಲಿಲ್ಲ. ಅಂಗಳದಲ್ಲಿ ಇಳಿಯುವಾಗ ಇಷ್ಟೇ ಹೇಳಿದ್ದರು:

“ಮಗಳೇ, ಇದು ಈ ವಂಡಿ ಒಳಗೇ ಇರ್ಲಿ.”

“ಆಯ್ತು ಮಾವ.”

ಅಂದಿನಿಂದ ಟವೆಲುಗಳನ್ನು ಹಿತ್ತಲ ಕಲ್ಲಿನ ಮೇಲೆ ತಾನೇ ಒಗೆಯುತ್ತಿದ್ದಳು. “ದಿನಾ ಕಾರು ಒರೆಸ್ತೀಯಾ? ನಿನಗೂ ಆ ಬ್ರಾಂದಿಯ ಹುಚ್ಚು ಹತ್ತಿತಾ?” ಎಂದು ಅತ್ತೆ ಕೇಳಿದರೆ, “ಧೂಳು ಅತ್ತೆ,” ಅನ್ನುತ್ತಿದ್ದಳು.

ಮಳೆ ನಿಂತು ಕಾಫಿ ಹಣ್ಣಾಗುವ ಹೊತ್ತಿಗೆ ಕ್ಲಚ್ ಕೆಟ್ಟಿತು. ಪೆಡಲ್ ಒತ್ತಿದರೆ ಒತ್ತಿದಲ್ಲೇ ಉಳಿಯುತ್ತಿತ್ತು. ಸುಪ್ರಿಯಾ ಚಪ್ಪಲಿ ಬಿಚ್ಚಿಟ್ಟು, ಕಾಲ್ಬೆರಳಿನಿಂದ ಪೆಡಲನ್ನು ಮೇಲಕ್ಕೆತ್ತಿ ಎತ್ತಿ ಗೇರು ಬದಲಾಯಿಸುತ್ತ ಬತ್ತೇರಿಯವರೆಗೆ ಹೋಗಿಬರುತ್ತಿದ್ದಳು. ಶಿಜು ಕಾರಿನಡಿ ನುಗ್ಗಿ ನೋಡಿ, ಗೇರ್‌ಬಾಕ್ಸ್ ಸಮೇತ ಎಲ್ಲ ಇಳಿಸಬೇಕು, ದೊಡ್ಡ ಕೆಲಸ, ಮನೆಯಲ್ಲಿ ಕೇಳಿ ಹೇಳಿ ಎಂದ.

ಅವತ್ತು ಸಂಜೆ, ಬಿಸಿಲು ಇನ್ನೂ ತೆಂಗಿನ ನೆತ್ತಿಯ ಮೇಲಿರುವಾಗಲೇ ಊಟಕ್ಕೆ ಕುಳಿತರು. ಹೆಸರುಬೇಳೆ ಸಾರು, ಪಡವಲಕಾಯಿ ಪಲ್ಯ. ಭರತೇಶ್ ಕೆಲಸದಿಂದ ನೇರ ಬಂದು, ಕೈಕಾಲು ತೊಳೆದು ಕುಳಿತವನು ತಟ್ಟೆ ನೋಡದೆ ಮಾತು ತೆಗೆದ.

“ಅಪ್ಪ, ಅದನ್ನ ಕೊಟ್ಟುಬಿಡೋಣ. ಕೋಳಿಕ್ಕೋಡಲ್ಲಿ ಒಬ್ಬ ಡಾಕ್ಟರು ಇದೇ ಮಾಡಲ್ ರೆಡಿ ಮಾಡ್ತಿದ್ದಾರಂತೆ. ಎಂಜಿನ್ನಿಗೆ ಆಸೆ ಪಡ್ತಿದ್ದಾರೆ.”

“ಬದುಕಿರೋದರ ಎಂಜಿನ್ ಕೀಳ್ತಾರಾ?”

“ಕಾರು ಅಪ್ಪ ಅದು. ಕಬ್ಬಿಣ.”

“ಆಯ್ತು, ಕಬ್ಬಿಣ. ನನ್ನ ಹೆಸರಲ್ಲಿರೋ ಕಬ್ಬಿಣ.”

“ಪಕ್ಕದ ಮನೆ ಭಾಸ್ಕರನ್ ಚೇಟ್ಟನ ಜೀಪ್ ಇದೆ. ಅವರನ್ನ ಕೇಳಿದ್ರೆ…”

“ಭಾಸ್ಕರನ್ ಜೀಪಲ್ಲಿ ನಾನು ಹೋಗಲ್ಲ.”

“ಯಾಕೆ? ಅದರಲ್ಲಿ ಇಟಲಿ ಇಲ್ಲ ಅಂತಲಾ?”

ಗೌಡರು ಕೈ ತೊಳೆದು ಎದ್ದರು. ಸುಪ್ರಿಯಾ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಸ್ವಲ್ಪ ಜೋರಾಗಿಯೇ ಹಾಕಿದಳು.

“ರೀ, ಸಾಕು ಬಿಡಿ. ದುಡಿಯೋದು ನೀವು, ಸರಿ. ಓಡಿಸೋದು ನಾನಲ್ವಾ? ನಾನು ರಿಪೇರಿ ಮಾಡಿಸ್ತೀನಿ.”

“ನಿನಗೂ ಅವರ ಗಾಳಿ ಬಡಿದಿದೆ,” ಎಂದ ಭರತೇಶ್.

ಶನಿವಾರ ಡಯಾಲಿಸಿಸ್ ಮುಗಿಸಿ ಮಾವನನ್ನು ಮಲಗಿಸಿ, ಸುಪ್ರಿಯಾ ಶಿಜುಗೆ ಫೋನ್ ಮಾಡಿದಳು. ಒಲೆಯ ಮೇಲೆ ಕುಕ್ಕರ್ ಕೂಗುತ್ತಿತ್ತು. ಅನುಷಾ ಬಣ್ಣದ ಪೆಟ್ಟಿಗೆ ಹುಡುಕುತ್ತ ಕಿರುಚುತ್ತಿದ್ದಳು.

“ಶಿಜು, ನಾನು ಗೌಡರ ಮನೆಯಿಂದ. ವಂಡಿ ವಿಷಯ.”

“ಆ, ಚೇಚಿ! ವಂಡಿ ತರುಮೋ?” ಎಂದ ಅವನು, ಅಕ್ಕನನ್ನು ಕರೆಯುವ ಧಾಟಿಯಲ್ಲಿ.

“ತರಾಂ, ತರಾಂ. ಇನ್ನು ಸ್ವಲ್ಪ ಹೊತ್ತಲ್ಲೇ ತರಾಂ.”

ಇಲ್ಲಿ ಒಂದು ಮಾತು ಹೇಳಬೇಕು. ಆ ಮನೆಯ ಕನ್ನಡ ಅರ್ಧ ಮಲಯಾಳದ್ದು. ಅಂಗಡಿಗೆ ಹೊರಟವರು ‘ಸಕ್ಕರೆ ತರಾಂ’ ಅನ್ನುತ್ತಾರೆ, ತೋಟಕ್ಕೆ ಹೊರಟವರು ‘ಸೌದೆ ತರಾಂ’ ಅನ್ನುತ್ತಾರೆ. ಸುಪ್ರಿಯಾ ಮಲಯಾಳ ಕಲಿತದ್ದು ಅತ್ತೆಯ ಬಾಯಿಂದ, ಆ ಅಡುಗೆಮನೆಯಲ್ಲಿ. ‘ತರಾಂ’ ಎಂದರೆ ತರುತ್ತೇನೆ ಎಂದೇ ಅವಳು ತಿಳಿದದ್ದು. ಹಾಲಿನ ಸೊಸೈಟಿಗೆ ಹೋಗಿ ‘ಪಾಲ್ ತರಾಂ’ ಎಂದರೆ ತಂದದ್ದೂ ಆಯಿತು, ಕೊಟ್ಟದ್ದೂ ಆಯಿತು. ಎಂಟು ವರ್ಷದಲ್ಲಿ ಆ ಮಾತು ಒಮ್ಮೆಯೂ ಅವಳ ಕೈಬಿಟ್ಟಿರಲಿಲ್ಲ. ಅಪ್ಪಟ ಮಲಯಾಳದಲ್ಲಿ ‘ತರಾಂ’ ಎಂದರೆ ‘ನಿನಗೆ ಕೊಡುತ್ತೇನೆ’ ಎಂದು, ಶಿಜು ಕೇಳಿದ ‘ತರುಮೋ’ ಎಂದರೆ ‘ಕೊಡುತ್ತೀರಾ’ ಎಂದು.

ವರ್ಕ್‌ಶಾಪಿನಲ್ಲಿ ಶಿಜು ಕೀಲಿ ತೆಗೆದುಕೊಳ್ಳುತ್ತ, “ಎಲ್ಲಾರ್ಕುಂ ಸಮ್ಮದಂ ಅಲ್ಲೇ, ಚೇಚಿ?” ಎಂದು ಕೇಳಿದ. ಮನೆಯಲ್ಲಿ ಎಲ್ಲರ ಸಮ್ಮತಿ ಇದೆಯೇ ಎಂದು. ಗೇರ್‌ಬಾಕ್ಸ್ ಇಳಿಸುವುದಕ್ಕೆ ಕೇಳುತ್ತಿದ್ದಾನೆ ಎಂದುಕೊಂಡು, “ಸಮ್ಮದಂ,” ಎಂದಳು.

“ಗೌಡರ್ಕುಂ?”

“ಅವರಿಗೂ.”

ಶಿಜು ಬಾನೆಟ್ಟಿನ ಮೇಲೆ ಒಮ್ಮೆ ಅಂಗೈ ಸವರಿದ. ‘ಮಂಗಳವಾರದೊಳಗೆ ಆಗುತ್ತಾ?’ ಎಂದು ಅವಳು ಕೇಳಿದ್ದಕ್ಕೆ ‘ಅದಕ್ಕೂ ಮೊದಲೇ’ ಎಂದ. ಅವಳು ಹಗುರವಾಗಿ ಬಸ್ಸು ಹತ್ತಿದಳು.

ಸೋಮವಾರ ಫೋನ್ ಮಾಡಿದರೆ ಶಿಜು ಎತ್ತಲಿಲ್ಲ. ಮಂಗಳವಾರ ಬೆಳಿಗ್ಗೆ ಕಾರಿಲ್ಲ. ಭರತೇಶ್ ಯಾರ ಮಾತೂ ಕೇಳದೆ ಪಾಲಿಯೇಟಿವ್ ವಂಡಿಗೆ ಹೇಳಿಬಿಟ್ಟಿದ್ದ. ಬಿಳಿ ವ್ಯಾನು ಬಂದು ಗೇಟಿನಲ್ಲಿ ನಿಂತಿತು. ಒಳಗೆ ಆಗಲೇ ಇಬ್ಬರು ರೋಗಿಗಳು, ಅವರ ಕಡೆಯವರು, ಡ್ರೈವರು. ಗೌಡರು ಜಗಲಿಯಿಂದ ಅವರನ್ನೆಲ್ಲ ನೋಡಿ ಒಳಗೆ ಹೋಗಿ ಮಲಗಿದರು.

“ಒಂದು ದಿನ ತಪ್ಪಿದ್ರೆ ಏನೂ ಆಗಲ್ಲ. ಗಾಡಿ ಬರ್ಲಿ, ಗುರುವಾರ ಹೋಗ್ತೀನಿ.”

ವ್ಯಾನು ಖಾಲಿ ಜಾಗ ಹೊತ್ತು ಹೋಯಿತು. ಭರತೇಶ್ ಬಾಗಿಲಲ್ಲಿ ನಿಂತು ಕೂಗಾಡಿದ. “ಆಗಲ್ವಾ? ಕಾಲು ನೋಡ್ಕೊಳ್ಳಿ! ಹಲಸಿನಕಾಯಿ ಆಗಿದೆ!”

“ಅಷ್ಟು ಭಾರ ಆಗಿದ್ರೆ ನಾನು ವ್ರತ ತಗೋತೀನಿ. ಸಲ್ಲೇಖನ. ಅನ್ನ ನೀರು ಬಿಟ್ಟು ಹೋಗ್ತೀನಿ. ನಿನಗೂ ರಜೆ ಹಾಕೋದು ಉಳಿಯುತ್ತೆ.”

ಸರೋಜಮ್ಮ ಅಕ್ಕಿ ಆರಿಸುತ್ತಿದ್ದ ಮೊರವನ್ನು ನೆಲಕ್ಕೆ ಕುಕ್ಕಿದರು. “ಬಾಯಿ ತೊಳ್ಕೊಳ್ಳಿ! ಅದು ಶಾಂತವಾದವರು ತಗೊಳ್ಳೋ ವ್ರತ. ಮಗನ ಮೇಲಿನ ಸಿಟ್ಟಿಗೆ ಮಾಡೋದಲ್ಲ. ನನ್ನಪ್ಪ ತಗೊಂಡಿದ್ರು, ನಾನು ಕಣ್ಣಾರೆ ನೋಡಿದ್ದೀನಿ. ಅವರು ಹೋಗೋ ಮುಂಚೆ ಎಲ್ಲರ ಹತ್ರ ಕ್ಷಮೆ ಕೇಳಿದ್ರು. ನೀವು ಯಾರ ಹತ್ರ ಕೇಳಿದ್ದೀರಿ? ಆ ಕಾರಿನ ಹತ್ರವಾ?”

ಅನುಷಾ, “ಅಜ್ಜಿ, ಅಕ್ಕಿ ಚೆಲ್ಲಿತು,” ಎಂದಳು. ಸುಪ್ರಿಯಾ ಬಗ್ಗಿ ಅಕ್ಕಿ ಬಳಿಯತೊಡಗಿದಳು. ಬಳಿದದ್ದು ಮತ್ತೆ ಮತ್ತೆ ಬೆರಳ ಸಂದಿಯಿಂದ ಜಾರುತ್ತಿತ್ತು.

ಗುರುವಾರವೂ ಗೌಡರು ಬತ್ತೇರಿಗೆ ಹೊರಡಲಿಲ್ಲ. ಗಂಡಹೆಂಡತಿ ಇಬ್ಬರೂ ಮೊದಲ ಬಸ್ಸಿಗೆ ವರ್ಕ್‌ಶಾಪಿಗೆ ಹೋದರು. ಕಾರು ಹಿತ್ತಲಲ್ಲಿತ್ತು, ಆ ಹಳೆಯ ಎರಡರ ಪಕ್ಕದಲ್ಲಿ, ನಾಲ್ಕು ಕಲ್ಲುಗಳ ಮೇಲೆ. ಚಕ್ರ ಇರಲಿಲ್ಲ. ಬಾನೆಟ್ ತೆರೆದಿತ್ತು, ಅದರೊಳಗಿಂದ ನೆಲ ಕಾಣುತ್ತಿತ್ತು. ಸೀಟುಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಹಿಂದಿನ ಸೀಟಿನ ಮೇಲೆ ಅವಳು ಮಡಿಸಿಟ್ಟಿದ್ದ ಟವೆಲು ಹಾಗೇ ಇತ್ತು.

ಶಿಜು ಚಹಾ ಲೋಟ ಹಿಡಿದು ನಗುತ್ತಲೇ ಬಂದ. ಅವರ ಮುಖ ನೋಡಿ ನಿಂತ.

“ಎಂದಾ ಚೇಚಿ, ಏನಾಯ್ತು?”

“ಎಂಜಿನ್ ಎಲ್ಲಿ?” ಸುಪ್ರಿಯಾ ಕನ್ನಡದಲ್ಲೇ ಕೇಳಿದಳು. ಶಿಜುಗೆ ಗುಂಡ್ಲುಪೇಟೆಯ ಸಂತೆಯ ಕನ್ನಡ ಬರುತ್ತಿತ್ತು.

“ಹೋಯ್ತಲ್ಲ. ಡಾಕ್ಟರ ವ್ಯಾನು ಭಾನುವಾರವೇ ಬಂದು ತಗೊಂಡ್ಹೋಯ್ತು. ಗೇರ್‌ಬಾಕ್ಸೂ ಹೋಯ್ತು. ಸೋಮವಾರದಿಂದ ನನಗೆ ಬೇರೆ ಊರಲ್ಲಿ ಕೆಲಸ, ಫೋನ್ ಇಲ್ಲೇ ಬಿಟ್ಟಿದ್ದೆ. ದುಡ್ಡು ನಾನು ನಾಳೆ ಮನೆಗೇ ತಂದು ಕೊಡ್ತಿದ್ದೆ.”

“ನಾನು ರಿಪೇರಿಗೆ ತಂದದ್ದು!”

“ರಿಪೇರಿಗಾ?” ಶಿಜು ಭರತೇಶನ ಮುಖ ನೋಡಿದ. “ಭರತೇಶ್ ಚೇಟ್ಟಾ, ನೀವಲ್ವಾ ಹೇಳಿದ್ದು? ಅಪ್ಪನ್ನ ಒಪ್ಪಿಸ್ತೀನಿ, ಒಪ್ಪಿದ ದಿನ ಮನೆಯಿಂದ ಫೋನ್ ಬರ್ತದೆ ಅಂತ. ಫೋನ್ ಬಂತು. ‘ತರುಮೋ’ ಅಂದೆ. ‘ತರಾಂ’ ಅಂದ್ರು. ಎಲ್ಲರಿಗೂ ಸಮ್ಮದವಾ ಅಂದೆ. ಗೌಡರಿಗೂ ಸಮ್ಮದ ಅಂದ್ರು. ಆಮೇಲೆ ನಿಮಗೂ ಫೋನ್ ಮಾಡಿ ‘ವಂಡಿ ಕಿಟ್ಟಿ’, ಸಿಕ್ತು ಅಂದೆ. ‘ಶರಿ’ ಅಂದ್ರಿ.”

“ನಾನು ಮೆಷಿನ್ ಪಕ್ಕದಲ್ಲಿದ್ದೆ,” ಎಂದ ಭರತೇಶ್. “ರಿಪೇರಿಗೆ ಬಂತು ಅಂದ್ಕೊಂಡೆ.”

ಶಿಜು ಲೋಟವನ್ನು ಕೆಳಗಿಟ್ಟ. “ಇಷ್ಟು ವರ್ಷ ಆ ವಂಡಿನ ನಾನು ಮಗು ಥರ ನೋಡ್ಕೊಂಡೆ. ಬಿಚ್ಚೋವಾಗ ನನಗೆ ಸಂತೋಷ ಆಗಿತ್ತಾ?” ಅವನ ಧ್ವನಿಯಲ್ಲಿ ಸಿಟ್ಟಿತ್ತೋ ಅಳುವಿತ್ತೋ. ಡಾಕ್ಟರಿಗೆ ಫೋನ್ ಮಾಡಿದ. ಎಂಜಿನ್ ಕೂರಿಸಿ ಆಗಿದೆ, ವಾಪಸಿನ ಮಾತೇ ಇಲ್ಲ ಎಂದು ಆ ಕಡೆಯಿಂದ ಉತ್ತರ ಬಂತು.

ಹಿಂತಿರುಗುವ ಬಸ್ಸಿನಲ್ಲಿ ಗಂಡಹೆಂಡತಿ ಬೇರೆ ಬೇರೆ ಸೀಟಿನಲ್ಲಿ ಕುಳಿತರು. ಮನೆಯ ಗೇಟು ದಾಟುವ ಮೊದಲೇ ಶುರುವಾಯಿತು.

“ನನ್ನ ಬೆನ್ನ ಹಿಂದೆ ಶಿಜು ಹತ್ರ ಮಾತಾಡಿದ್ರಾ?”

“ಮಾತಾಡಿದೆ, ಕೊಟ್ಟಿರಲಿಲ್ಲ. ಕೊಟ್ಟದ್ದು ನೀನು.”

“ನನಗೆ ಮೊದಲೇ ಹೇಳಿದ್ದಿದ್ರೆ ಆ ಮಾತಿನ ಅರ್ಥ ಆಗ್ತಿತ್ತಲ್ಲ?”

“ಎಂಟು ವರ್ಷ ಆಯ್ತು ಬಂದು. ತಗೊಂಡ್ಬರ್ತೀನಿ ಅನ್ನೋಕೆ ‘ಕೊಂಡುವರಾಂ’ ಅನ್ಬೇಕು ಅಂತ ಗೊತ್ತಿಲ್ವಾ ನಿನಗೆ?”

ಸ್ಕೂಲ್ ಬಸ್ಸಿಗೆ ಕಾಯುತ್ತ ಜಗಲಿಯಲ್ಲಿ ಬಣ್ಣ ಹಚ್ಚುತ್ತಿದ್ದ ಅನುಷಾ ತಲೆಯೆತ್ತಿದಳು. “ಅಮ್ಮಾ, ಟೀಚರ್ ‘ಮಿಠಾಯಿ ತರಾಂ’ ಅಂದ್ರೆ ನಮಗೇ ಕೊಡ್ತಾರೆ. ತಗೊಂಡ್ಬರ್ತೀನಿ ಅಂತ ಅಲ್ಲ.”

“ಆಯ್ತು ಕಣೇ, ನೀನೊಬ್ಬಳು ಬಾಕಿ ಇದ್ದೆ!” ಎಂದು ಸುಪ್ರಿಯಾ ರೇಗಿದಳು. ಮಗು ತುಟಿ ಮುಂದೆ ಮಾಡಿತು.

ಬಾಗಿಲಲ್ಲಿ ಗೌಡರು ಗೋಡೆ ಹಿಡಿದು ನಿಂತಿದ್ದರು. ಪಾದ ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಎಲ್ಲ ಕೇಳಿಸಿಕೊಂಡಿದ್ದರು.

“ಏನಂದೆ ಮಗಳೇ? ತರಾಂ ಅಂದ್ಯಾ?”

ಸುಪ್ರಿಯಾ ತಲೆಯಾಡಿಸಿದಳು.

ಗೌಡರು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಕುಲುಕಿಸಿ, ಕಣ್ಣಲ್ಲಿ ನೀರು ಬರುವಷ್ಟು. “ಸರೋಜಾ, ಕೇಳಿದ್ಯಾ? ನಿನ್ನ ಅಡುಗೆಮನೆ ಮಲಯಾಳ ಇಟಲಿಯವರನ್ನೇ ಮುಗಿಸ್ತು!” ನಗು ಕೆಮ್ಮಾಗಿ, ಕೆಮ್ಮು ಉಬ್ಬಸವಾಯಿತು. ಭರತೇಶ್ ಹಿಡಿದು ಕೂರಿಸಿದ. ಉಸಿರು ಸ್ವಲ್ಪ ಹತೋಟಿಗೆ ಬಂದ ಮೇಲೆ ಗೌಡರು ಹೇಳಿದರು:

“ಯಾರನ್ನೂ ಬೈಬೇಡಿ. ಆಯ್ತು, ಮುಗೀತು. ಇನ್ನು ನನ್ನನ್ನ ಬತ್ತೇರಿಗೆ ಕರೀಬೇಡಿ.”

“ಅಪ್ಪ, ನಿಮ್ಮ ಕಾಲಿಗೆ ಬೀಳ್ತೀನಿ. ಯಾವ ಕಾರು ಬೇಕು ಹೇಳಿ, ಬಾಡಿಗೆಗೆ ತರ್ತೀನಿ.”

“ಕಾರಲ್ಲ ಕಣೋ.”

“ಮತ್ತೇನು? ಏನು ಅಂತ ಹೇಳಿ!”

ಗೌಡರು ಸೊಸೆಯ ಕಡೆ ನೋಡಿದರು. ಅವಳು ಬಾಯಿ ತೆರೆದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಗಂಡನಿಗೆ ಅರ್ಥವಾಗುತ್ತಿತ್ತು, ಅತ್ತೆಯ ಕೋಪ ಇಳಿಯುತ್ತಿತ್ತು. ಆದರೆ ಆ ಮುದುಕ ಮತ್ತೆ ಈ ಮನೆಯಲ್ಲಿ ತಲೆಯೆತ್ತಿ ಒಂದು ತುತ್ತು ಉಣ್ಣುತ್ತಿದ್ದರೇ? ಸುಪ್ರಿಯಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಅವತ್ತು ಸಂಜೆ ಬಡಿಸಿದ್ದು ಬಡಿಸಿದ ಹಾಗೇ ತಟ್ಟೆಗಳಲ್ಲಿ ಆರಿತು. ಹೊತ್ತು ಮುಳುಗಿತು. ಯಾರೂ ಉಣ್ಣಲಿಲ್ಲ.

ಶುಕ್ರವಾರ ಬೆಳಿಗ್ಗೆ ಗೌಡರಿಗೆ ಮಲಗಲು ಆಗಲಿಲ್ಲ. ಮಲಗಿದರೆ ನೀರಲ್ಲಿ ಮುಳುಗಿದ ಹಾಗೆ ಉಸಿರು ಕಟ್ಟುತ್ತಿತ್ತು. ಕುಳಿತಲ್ಲೇ ಬಾಯಿ ತೆರೆದು ಗಾಳಿ ನುಂಗುತ್ತಿದ್ದರು. ತುಟಿ ನೀಲಿಯಾಗಿತ್ತು. ಬೇಡ ಎನ್ನುವುದಕ್ಕೂ ಅವರಲ್ಲಿ ಉಸಿರಿರಲಿಲ್ಲ. ಸರೋಜಮ್ಮನೇ ಬೇಲಿಯ ಹತ್ತಿರ ಓಡಿ ಭಾಸ್ಕರನನ್ನು ಕೂಗಿದರು.

ಭಾಸ್ಕರನ್ ತೋಟದ ಹೆಂಗಸರನ್ನು ಬಿಟ್ಟು ಆಗಷ್ಟೇ ಬಂದಿದ್ದ. ಜೀಪಿನ ಹಿಂದೆ ಎದುರುಬದುರು ಎರಡು ಬೆಂಚು. ಭರತೇಶ್ ಅಪ್ಪನನ್ನು ಎತ್ತಿಕೊಂಡು ಬಂದು ಕೂರಿಸಿ, ತೋಳಿನಿಂದ ಬಳಸಿ ಹಿಡಿದ. ಇನ್ನೊಂದು ಪಕ್ಕದಲ್ಲಿ ಸುಪ್ರಿಯಾ. ಮುಖ್ಯರಸ್ತೆ ಸೇರುವ ಮೊದಲೇ ಗೌಡರಿಗೆ ವಾಂತಿಯಾಯಿತು, ಮಗನ ಎದೆಯ ಮೇಲೆ. ತಿರುವು ದಾಟುವಾಗ ಪಂಚೆ ಒದ್ದೆಯಾಯಿತು, ಆಮೇಲೆ ಅದಕ್ಕೂ ಮೀರಿದ್ದಾಯಿತು. ವಾಸನೆ ಜೀಪು ತುಂಬಿತು. ಗೌಡರು ಕಣ್ಣು ಮುಚ್ಚಿಕೊಂಡರು. ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿಯಿತು.

ಸುಪ್ರಿಯಾ ಚೀಲದಿಂದ ಟವೆಲು ತೆಗೆದು, ತಡವಿಲ್ಲದೆ ಒಂದನ್ನು ಹಾಸಿ, ಒಂದನ್ನು ಸುತ್ತಿ, ಇನ್ನೊಂದರಿಂದ ಮಾವನ ಗದ್ದ ಒರೆಸಿದಳು. ಭರತೇಶ್ ಹೆಂಡತಿಯ ಕೈಗಳನ್ನೇ ನೋಡುತ್ತಿದ್ದ. ಅವು ಯಾವುದನ್ನೂ ಹುಡುಕಲಿಲ್ಲ, ಎಲ್ಲಿಯೂ ತಡವರಿಸಲಿಲ್ಲ.

ಭಾಸ್ಕರನ್ ಒಂದು ಕೈ ಮೇಲೆತ್ತಿ ಕನ್ನಡಿಯನ್ನು ಮಾಡಿನ ಕಡೆ ತಿರುಗಿಸಿದ. ಬತ್ತೇರಿ ಮುಟ್ಟುವವರೆಗೆ ಹಿಂದೆ ತಿರುಗಲಿಲ್ಲ.

ಡಯಾಲಿಸಿಸ್ ಕೋಣೆಯಲ್ಲಿ ಸಿಸ್ಟರ್ ಶೈಲಜ ಬೈಯುತ್ತಲೇ ಸೂಜಿ ಚುಚ್ಚಿದಳು. “ಎರಡು ಸಲ ತಪ್ಪಿಸೋದಾ ಗೌಡರೇ? ಇನ್ನೊಂದು ಸಲ ಹೀಗಾದ್ರೆ ಇಲ್ಲಿ ನಮ್ಮ ಕೈಲಿ ಆಗಲ್ಲ. ಭಾನುವಾರ ವಿಶೇಷವಾಗಿ ಜಾಗ ಮಾಡಿ ಕೊಡ್ತೀನಿ. ಬೆಳಿಗ್ಗೆ ಆರಕ್ಕೆ ಬರ್ಲೇಬೇಕು.”

ಹೊರಗೆ ಆಸ್ಪತ್ರೆಯ ನಲ್ಲಿಯ ಹತ್ತಿರ ಭರತೇಶ್ ಬನಿಯನ್ನಿನಲ್ಲಿ ನಿಂತು ಜೀಪಿನ ನೆಲ ತೊಳೆಯುತ್ತಿದ್ದ. ಸುಪ್ರಿಯಾ ಬಕೆಟ್ ತಂದಿಟ್ಟಳು.

“ಪ್ರತಿ ಸಲವೂ ಹೀಗೇನಾ?”

“ಪ್ರತಿ ಸಲ ಅಲ್ಲ.”

“ಒಂದು ವರ್ಷದಿಂದ ನೀನೊಬ್ಬಳೇ?”

ಅವಳು ಟವೆಲು ಹಿಂಡಿದಳು. ಭರತೇಶ್ ಕುಕ್ಕರುಗಾಲಲ್ಲಿ ಕುಳಿತು ನೆಲವನ್ನು ಉಜ್ಜುತ್ತಲೇ ಇದ್ದ. ನೆಲ ಶುದ್ಧವಾಗಿ ಎಷ್ಟೋ ಹೊತ್ತಾಗಿತ್ತು.

“ಅಂಥಾ ಕಾರಿಗೆ ನಾನು ಕಬ್ಬಿಣ ಅಂದೆ,” ಎಂದ.

“ನಾನು ಅದನ್ನ ಕೈಯಾರೆ ಕೊಟ್ಟು ಬಂದೆ,” ಎಂದಳು ಅವಳು.

ಸಂಜೆ ಗೌಡರನ್ನು ಗಾಲಿಕುರ್ಚಿಯಲ್ಲಿ ತಂದರು. ಮುಖ ಬಾಡಿತ್ತು, ಉಸಿರು ನೆಟ್ಟಗಾಗಿತ್ತು. ಜೀಪನ್ನು ನೋಡಿದರು, ಮಗನ ಬನಿಯನ್ ನೋಡಿದರು. ಬೆಂಚಿನ ಮೇಲೆ ಕೂತ ಮೇಲೆ ಸೊಸೆಯನ್ನು ಕೇಳಿದರು:

“ಭಾನುವಾರ ಯಾವ ವಂಡಿ?”

ಸುಪ್ರಿಯಾ ಗಂಡನನ್ನು ನೋಡಿದಳು. ಗಂಡ ಭಾಸ್ಕರನನ್ನು ನೋಡಿದ. ಭಾಸ್ಕರನ್ ಸ್ಟೇರಿಂಗಿನ ಮೇಲೆ ಬೆರಳಾಡಿಸಿದ.

“ಗೌಡರೇ, ಬೆಳಿಗ್ಗೆ ಹೊತ್ತು ನನಗೆ ತೋಟದ ಹೆಂಗಸರ ಟ್ರಿಪ್ಪುಂಟು. ಕೊಯ್ಲು ಮುಗಿಯೋವರೆಗೆ ಭಾನುವಾರವೂ ಬಿಡೋದಿಲ್ಲ. ಅದು ಬಿಟ್ರೆ ನನ್ನ ಮನೆ ಒಲೆ…”

“ಗೊತ್ತು ಭಾಸ್ಕರಾ. ಇವತ್ತು ಬಂದ್ಯಲ್ಲ, ಸಾಕು.”

“ಪಾಲಿಯೇಟಿವ್‌ಗೆ ಹೇಳ್ಲಾ, ಅಪ್ಪ?”

“ಹೇಳು.”

ಭರತೇಶ್ ಅಲ್ಲೇ ಫೋನ್ ಮಾಡಿದ. ಮಂಗಳವಾರ ಖಾಲಿ ಹೋದ ಜಾಗವನ್ನು ಅವತ್ತೇ ಬೇರೆಯವರಿಗೆ ಕೊಟ್ಟಾಗಿದೆ, ಭಾನುವಾರವಂತೂ ವ್ಯಾನೇ ಇಲ್ಲ ಎಂದರು. ಫೋನ್ ಜೇಬಿಗಿಡುತ್ತ ಅವನು ಅಪ್ಪನ ಕಡೆ ಅಡ್ಡ ತಲೆಯಾಡಿಸಿದ.

ಜೀಪು ಊರಿನ ಕಡೆ ಹೊರಟಿತು. ಮನೆಗೆ ಸ್ವಲ್ಪ ಮೊದಲು, ಪಿಕಪ್ ಇಟ್ಟುಕೊಂಡು ಶುಂಠಿ ಸಾಗಿಸುವ ವಿಜಯನ ಮನೆಯ ಎದುರು ಗೌಡರು ಮುಂದಿನ ಸೀಟಿನ ಬೆನ್ನು ತಟ್ಟಿದರು.

“ನಿಲ್ಲಿಸು.”

“ನಾನು ಕೇಳಿ ಬರ್ತೀನಿ, ಮಾವ. ನೀವು ಕೂತಿರಿ.”

“ಬೇಡ. ದಾರಿಯಲ್ಲಿ ನನಗೆ ಏನೇನಾಗುತ್ತೆ ಅಂತ ಮೊದಲೇ ಹೇಳಿ ವಂಡಿ ಕೇಳಬೇಕು. ಅದನ್ನ ನಾನೇ ಹೇಳಬೇಕು.”

ಮಗನ ಭುಜ ಹಿಡಿದು ಇಳಿದರು. ಆಸ್ಪತ್ರೆಯವರು ಕೊಟ್ಟ ಹಸಿರು ಬಟ್ಟೆಯನ್ನು ಪಂಚೆಯ ಹಾಗೆ ಸುತ್ತಿಕೊಂಡಿದ್ದರು. ಒಂದೊಂದೇ ಹೆಜ್ಜೆ ಇಟ್ಟು ಗೇಟಿನವರೆಗೆ ಹೋದರು. ಅಂಗಳದಲ್ಲಿ ಪಿಕಪ್ ಇರಲಿಲ್ಲ. ಜಗಲಿಯ ದೀಪ ಉರಿಯುತ್ತಿರಲಿಲ್ಲ.

“ವಿಜಯಾ,” ಎಂದು ಕರೆದರು. ಧ್ವನಿ ಗೇಟು ದಾಟಲಿಲ್ಲ. ಒಳಗೆಲ್ಲೋ ನಾಯಿ ಬೊಗಳಿತು.

ಗೌಡರು ಗೇಟಿನ ಸರಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಉಸಿರೆಳೆದುಕೊಂಡು, ಇನ್ನೊಮ್ಮೆ ಕರೆದರು.